ಮೋಟರಿಗೆ ಮೂಗಿಲ್ಲ

ಶಕ್ತಿನಗರದಲ್ಲಿ ಜೇಡನ ಬಲೆ
ಎರಡು ದಿನವೂ ಗುಟ್ಟಾಗಿ ಉಳಿಯುವುದಿಲ್ಲ.
ಚಿಮಣಿಯ ಬೂದಿ ಕಿಟಕಿಯ ಜಾಲರಿ ದಾಟಿ ಬಂದು
ಎಳೆ ಎಳೆಯ ಮೇಲೂ ಕೂತು
ಇಲ್ಲಿದೆ ನೋಡು ಅಂತ ತೋರಿಸಿಕೊಡುತ್ತದೆ.
ಪಕ್ಕದ ಕ್ವಾರ್ಟರ್ಸಿನ ನರಸಮ್ಮತ್ತೆ, ಹೊಳೆಯಾಚೆಯವಳು,
ಸಾಲೆಪುರುಗು ಅನ್ನುತ್ತಾಳೆ. ಸಾಲಿಗನ ಹುಳು.
ನಮ್ಮ ಮಾತಲ್ಲೂ ಜೇಡನೆಂದರೆ ನೇಕಾರನೇ.

ಈ ಸಲ ಅದು ಮಗ್ಗ ಹೂಡಿದ್ದು
ಮೀನಿನ ತೊಟ್ಟಿಯ ಹಿಂದೆ,
ಗೋಡೆಗೂ ಗಾಜಿಗೂ ನಡುವಿನ ನಾಲ್ಕು ಬೆರಳ ಸಂದಿಯಲ್ಲಿ.
ಒಂದು ಗೂಟ ಮೋಟರಿನ ನಳಿಗೆ,
ಇನ್ನೊಂದು ಲೈಟಿನ ವಾಯರು.
ನೈಟ್ ಶಿಫ್ಟ್ ಮುಗಿಸಿ ಬಂದವನು ಬೂಟು ಬಿಚ್ಚುತ್ತ ನೋಡಿದೆ.
ಕೈ ತಾನೇ ಮಾಡದ ಕಡೆ ಹೋಯಿತು,
ಸ್ಪ್ರೇ ಡಬ್ಬಿ ಇರುತ್ತಿದ್ದ ಜಾಗಕ್ಕೆ.

ಡಬ್ಬಿ ಈಗಿಲ್ಲ.

ಹೋದ ವರ್ಷ ದಸರೆಯ ಮುಂಚೆ, ಮನೆ ತೊಳೆಯುವ ಗದ್ದಲದಲ್ಲಿ
ಮೂಲೆ ಮೂಲೆಗೆ ಹೊಡೆದಿದ್ದೆ.
ತೊಟ್ಟಿಗೆ ಮುಚ್ಚಳ ಹಾಕಿದ್ದೆ, ಮೇಲೊಂದು ಟವೆಲ್ಲು ಹೊದಿಸಿದ್ದೆ,
ನೀರಿಗೆ ಒಂದು ಹನಿ ಬೀಳಗೊಡಲಿಲ್ಲ.
ಭಾರಿ ಶಾಣ್ಯಾ ಅಂದುಕೊಂಡೆ ನನ್ನನ್ನೇ.
ಮುಚ್ಚಳದ ಹೊರಗೆ, ಸ್ಟೂಲಿನ ಮೇಲೆ,
ಮೋಟರು ಗುಂಯ್‌ಗುಡುತ್ತ ಕೋಣೆಯ ಗಾಳಿ ಕುಡಿಯುತ್ತಿತ್ತು.
ಕುಡಿದದ್ದನ್ನೆಲ್ಲ ಗುಳ್ಳೆ ಗುಳ್ಳೆಯಾಗಿ
ಒಳಗೆ ಬಡಿಸುತ್ತಿತ್ತು.
ಮೋಟರಿಗೆ ಮೂಗಿಲ್ಲ.
ನನಗಿತ್ತು. ನಿಂಬೆಹಣ್ಣಿನ ವಾಸನೆ, ಚಲೋ ಅದ ಅಂದಿದ್ದೆ.

ಬೆಳಿಗ್ಗೆ ಒಂಬತ್ತರಲ್ಲಿ ಏಳು ಹೊಟ್ಟೆ ಮೇಲಾಗಿ.
ಶಶಿರೇಖಾ ಅಳಲಿಲ್ಲ. ರಫ್ ನೋಟ್‌ಬುಕ್ಕಿನಲ್ಲಿ
ಏಳು ಹೆಸರು ಹೊಡೆದುಹಾಕಿ,
ಪೆನ್ನಿನ ಮುಚ್ಚಳ ಹಾಕಿ, ಸಾಲಿಗೆ ಹೋದಳು.
ಬಾಯ್ಲರಿನೊಳಗೆ ಯಾರೇ ಇಳಿಯಲಿ,
ಗಾಳಿ ಪರೀಕ್ಷೆಯಾಗದೆ ಸಹಿ ಹಾಕದವನು ನಾನು;
ಹದಿನಾರು ವರ್ಷದ ಸರ್ವಿಸು.
ಮನೆಯಲ್ಲಿ ಸಹಿ ಕೇಳುವವರು ಯಾರಿದ್ದರು?

ಈಗ ಯೂನಿಫಾರ್ಮು ತೊಟ್ಟು ಎರಡು ಜಡೆ ಹಾಕಿಕೊಂಡು
ಅವಳೇ ಹಿಂದೆ ನಿಂತಿದ್ದಾಳೆ.
'ಕಸಬರಗಿ ಬ್ಯಾಡ, ಫಿನಾಯಿಲ್ ಹತ್ತಿರ್ತದ.
ಸಬೂನಿನ ಕೈಯಿಂದ ಮುಚ್ಚಳ ಮುಟ್ಟಬ್ಯಾಡ.
ಮೋಟರ್ ಬಂದ್ ಮಾಡಬ್ಯಾಡ, ಉಸಿರು ಕಟ್ಟತದ ಅವಕ್ಕ.'
ಬರಿನೀರಲ್ಲಿ ಹಿಂಡಿದ ಅರಿವೆ ಒಂದು ಕೈಗೆ,
ಇನ್ನೊಂದಕ್ಕೆ ಗಾಜಿನ ಲೋಟ.
ಯಾರದೋ ಲಗ್ನಪತ್ರಿಕೆ ಸಂದಿಗೆ ತೂರಿಸಿ
ಜೇಡನನ್ನು ಮೆಲ್ಲಗೆ ಲೋಟದೊಳಗೆ ನೂಕಿದೆ.
ಹೆಸರುಕಾಳಿನಷ್ಟು ಹೊಟ್ಟೆ. ಎಂಟು ಕಾಲೂ ಮಡಚಿ
ಸತ್ತ ಹಾಗೆ ನಟಿಸಿತು.
ಅರಿವೆಗೆ ಬಲೆ ಸುತ್ತಿಕೊಂಡು ಬಂತು,
ಬೂದಿ ಸಮೇತ, ಸಣ್ಣ ಸಣ್ಣ ಹುಳಗಳ ತೊಗಟೆ ಸಮೇತ.

'ಇಷ್ಟು ಹುಳ ಇಲ್ಲಿಗ್ಯಾಕ ಬಂದಾವು?'
'ಲೈಟಿಗೆ.'
'ರಾತ್ರಿಯೆಲ್ಲ ಯಾರು ಹಚ್ಚಿಡ್ತಾರ ಅದನ್ನ?'
'ಅವ್ವ. ನೀ ಬರೋವಾಗ ಎಡವಬಾರದಂತ.'
ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ
ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ನಾನಲ್ಲಿ ರಾತ್ರಿಯೆಲ್ಲ ಮೀಟರು ಕಾಯುತ್ತಿದ್ದೆ.
ಕರೆಂಟು ಇಲ್ಲಿಗೆ ಬಂದು ಬೆಳಕಾಗಿ
ಹುಳ ಕರೆಯಿತು; ಹುಳ, ಜೇಡನ ಕರೆಯಿತು;
ನಾನು ಡಬ್ಬಿ ಹುಡುಕುತ್ತಿದ್ದೆ.

ಜೇಡನನ್ನು ಸೈಕಲ್ ಶೆಡ್ಡಿನಾಚೆಯ
ನುಗ್ಗೆಗಿಡದ ಬುಡಕ್ಕೆ ಬಿಟ್ಟು ಬಂದೆ.
ಅಂದಿನಿಂದ ತೊಟ್ಟಿಯ ದೀಪ ರಾತ್ರಿ ಒಂಬತ್ತಕ್ಕೇ ಬಂದ್.

ಮರುದಿನ ನಸುಕಿನಲ್ಲಿ ಬಂದವನು
ಸ್ಟೂಲಿಗೆ ಎಡವಿದೆ, ಮೊಣಕಾಲು ಕೆತ್ತಿತು.
ಕತ್ತಲಲ್ಲಿ ಮೀನು ಕಾಣಲಿಲ್ಲ,
ಗುಳ್ಳೆಯ ಸದ್ದಿತ್ತು.
ಅದಕ್ಕೂ ಮುಂಚೆ, ಹೊರಬಾಗಿಲ ಬಲ್ಬಿನ ಕೆಳಗೆ
ಒಂದು ಎಳೆ ಮುಖಕ್ಕೆ ಹತ್ತಿ ಹರಿದಿತ್ತು.
ಒರೆಸಿಕೊಂಡು ಬೆರಳು ನೋಡಿದೆ:
ಹೊಚ್ಚ ಹೊಸದು,
ಬೂದಿ ಇನ್ನೂ ಕೂತಿರಲಿಲ್ಲ.